ಹಳಿ ಯಾರದ್ದೋ ಅದಿರೂ ಅವರದ್ದೇ

ಫೋನಿನಲ್ಲಿ ಮ್ಯಾಪ್ ತೆಗೆದು, ಸ್ಯಾಟಲೈಟ್ ವ್ಯೂ ಆನ್ ಮಾಡಿ, ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ ಪೋರ್ಟ್ ಹೆಡ್‌ಲ್ಯಾಂಡ್ ಅನ್ನೋ ಊರನ್ನು ಹುಡುಕಿ. ಕೆಂಪು ನೆಲ, ಉಪ್ಪಿನ ಹೊಂಡಗಳು, ಬಂದರಿನಲ್ಲಿ ಸಾಲಾಗಿ ನಿಂತ ಹಡಗುಗಳು ಕಾಣುತ್ತವೆ. ಅಲ್ಲಿಂದ ದಕ್ಷಿಣಕ್ಕೆ ಬೆರಳು ಸರಿಸುತ್ತಾ ಹೋದ್ರೆ ಒಂದು ರೈಲು ಹಳಿ ಸಿಗುತ್ತೆ. ಸ್ವಲ್ಪ ದೂರದಲ್ಲೇ ಇನ್ನೊಂದು. ಅದರಾಚೆ ಮತ್ತೊಂದು. ಮೂರೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ನೂರಾರು ಕಿಲೋಮೀಟರ್ ಜನವಸತಿಯೇ ಇಲ್ಲದ ಬಯಲಿನಲ್ಲಿ ಹೋಗುತ್ತವೆ. ಒಂದು ಬಿಎಚ್‌ಪಿಯದು, ಒಂದು ಫೋರ್ಟೆಸ್ಕ್ಯೂ ಕಂಪನಿಯದು, ಇನ್ನೊಂದು ರಾಯ್ ಹಿಲ್ ಗಣಿಯದು. ಮೂರರ ಮೇಲೂ ಓಡುವುದು ಕಬ್ಬಿಣದ ಅದಿರು. ಮೂರೂ ಸೇರುವುದು ಅದೇ ಬಂದರನ್ನು. ಅಲ್ಲಿಂದ ಬಹುಪಾಲು ಹೋಗುವುದು ಚೀನಾಕ್ಕೆ. ಅಕ್ಕಪಕ್ಕದ ಮೂರು ಮನೆಯವರು ಮಾತು ಬಿಟ್ಟು ಒಬ್ಬೊಬ್ಬರೂ ಒಂದೊಂದು ಬೋರ್‌ವೆಲ್ ಕೊರೆಸಿದ ಹಾಗಿದೆ.

ಒಬ್ಬರು ಹಾಕಿದ ಹಳಿಯ ಮೇಲೆ ಉಳಿದವರು ಬಾಡಿಗೆ ಕೊಟ್ಟು ಓಡಿಸಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಿದರೆ ಅದು ಸರಿಯಾದ ಪ್ರಶ್ನೆ. ಅಲ್ಲೂ ಅದನ್ನು ಕೇಳಿದ್ದಾರೆ. ಹತ್ತಿರ ಹತ್ತಿರ ಒಂಬತ್ತು ವರ್ಷ ಕೋರ್ಟು ಕಚೇರಿ ಅಲೆದು ಕೇಳಿದ್ದಾರೆ. ಆ ಕತೆಗೆ ಬರೋ ಮುಂಚೆ ಈ ಹಳಿಗಳು ಹುಟ್ಟಿದ್ದು ಹೇಗೆ ಅಂತ ನೋಡೋಣ.

ಈ ಪ್ರದೇಶದ ಹೆಸರು ಪಿಲ್ಬರಾ. ವಿಸ್ತೀರ್ಣ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಎರಡೂವರೆ ಕರ್ನಾಟಕ ಹಿಡಿಸುವಷ್ಟು ಜಾಗ, ಆದರೆ ಜನಸಂಖ್ಯೆ ನಮ್ಮ ಒಂದು ಸಾಧಾರಣ ತಾಲೂಕಿನಷ್ಟೂ ಇಲ್ಲ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಬಿಸಿಲು, ನಡುವೆ ಚಂಡಮಾರುತಗಳು. ಇಲ್ಲಿ ಮೊದಲು ರೈಲು ತಂದದ್ದು ಸರ್ಕಾರವೇ. ಚಿನ್ನದ ಆಸೆಗೆ ಪೋರ್ಟ್ ಹೆಡ್‌ಲ್ಯಾಂಡ್‌ನಿಂದ ಮಾರ್ಬಲ್ ಬಾರ್ ಅನ್ನೋ ಊರಿಗೆ ನ್ಯಾರೋಗೇಜ್ ಲೈನ್ ಹಾಕಿ 1911ರಲ್ಲಿ ಓಡಿಸಲು ಶುರು ಮಾಡಿತು. ನಷ್ಟ ಆಗ್ತಿದೆ ಅಂತ 1951ರಲ್ಲಿ ಮುಚ್ಚಿತು. ಇಡೀ ಭೂಮಿಯ ಅತಿ ದೊಡ್ಡ ಕಬ್ಬಿಣದ ಖಜಾನೆಗಳಲ್ಲೊಂದು ಕಾಲಡಿಯಲ್ಲೇ ಇತ್ತು. ಸಾಗಿಸೋಕೆ ಸರಕಿಲ್ಲ ಅಂತ ರೈಲು ನಿಂತುಹೋಯಿತು!

ಮರುವರ್ಷದ್ದೇ ಆಸ್ಟ್ರೇಲಿಯಾದವರು ಇವತ್ತಿಗೂ ಹೇಳಿಕೊಳ್ಳೋ ಕತೆ. 1952ರ ನವೆಂಬರ್‌ನಲ್ಲಿ ಲ್ಯಾಂಗ್ ಹ್ಯಾನ್‌ಕಾಕ್ ಎಂಬ ಜಾನುವಾರು ಸಾಕಣೆಗಾರ ತನ್ನ ಹೆಂಡತಿ ಹೋಪ್ ಜೊತೆ ಪುಟ್ಟ ವಿಮಾನದಲ್ಲಿ ಪರ್ತ್ ಕಡೆ ಹೊರಟಿದ್ದ. ಮೋಡ ಕವಿದು ಕೆಳಗೆ ಹಾರಬೇಕಾಗಿ ಬಂತು. ಟರ್ನರ್ ನದಿಯ ಕಮರಿಯೊಳಗೆ ನುಗ್ಗಿದಾಗ ಎರಡೂ ಬದಿಯ ಗೋಡೆಗಳು ತುಕ್ಕು ಹಿಡಿದ ಹಾಗೆ ಕೆಂಪಗೆ ಕಂಡವಂತೆ. ಕತೆಯಲ್ಲಿ ಉಪ್ಪುಖಾರ ಎಷ್ಟು ಅಂತ ಅನುಮಾನ ಪಡೋರೂ ಇದ್ದಾರೆ, ಅದಿರಲಿ. ನಮಗೆ ಮುಖ್ಯವಾದದ್ದು ಮುಂದಿನ ಭಾಗ. ಹ್ಯಾನ್‌ಕಾಕ್ ಇದನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟ. ಯಾಕಂದ್ರೆ ಬಹಿರಂಗ ಮಾಡಿ ಪ್ರಯೋಜನವಿರಲಿಲ್ಲ. ಜಪಾನಿನ ಯುದ್ಧೋತ್ಸಾಹ ಕಂಡು ಹೆದರಿದ್ದ ಆಸ್ಟ್ರೇಲಿಯಾ ಸರ್ಕಾರ, ನಮ್ಮ ಅದಿರು ನಮಗೇ ಸಾಲೋದಿಲ್ಲ ಅನ್ನೋ ಕಾರಣ ಕೊಟ್ಟು 1938ರಲ್ಲೇ ರಫ್ತು ನಿಷೇಧಿಸಿತ್ತು. ರಾಜ್ಯ ಸರ್ಕಾರ ಕಬ್ಬಿಣದ ನಿಕ್ಷೇಪದ ಮೇಲೆ ಯಾರಿಗೂ ಹಕ್ಕುಪತ್ರ ಕೊಡುತ್ತಿರಲಿಲ್ಲ. 1960ರ ಕೊನೆಗೆ ರಫ್ತು ನಿಷೇಧ ಸಡಿಲವಾಯಿತು. ತಮಾಷೆ ಏನಂದ್ರೆ, ಯಾರಿಗೆ ಹೆದರಿ ಬಾಗಿಲು ಹಾಕಿದ್ದರೋ ಅದೇ ಜಪಾನ್ ಈಗ ಮೊದಲ ಗಿರಾಕಿ.

ಬಾಗಿಲು ತೆರೆಯಿತು ಸರಿ, ದಾರಿ ಎಲ್ಲಿದೆ? ಗಣಿ ಮುನ್ನೂರು ನಾನೂರು ಕಿಲೋಮೀಟರ್ ಒಳಗಿದೆ. ರಸ್ತೆ ಇಲ್ಲ, ನೀರಿಲ್ಲ, ಊರಿಲ್ಲ, ದೊಡ್ಡ ಹಡಗು ನಿಲ್ಲುವ ಬಂದರಿಲ್ಲ. ಅಂದಿನ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಬೊಕ್ಕಸದಲ್ಲಿ ಅಷ್ಟು ದುಡ್ಡೂ ಇರಲಿಲ್ಲ. ಪ್ರೀಮಿಯರ್ ಡೇವಿಡ್ ಬ್ರ್ಯಾಂಡ್, ಅವರ ಕೈಗಾರಿಕಾ ಮಂತ್ರಿ ಚಾರ್ಲ್ಸ್ ಕೋರ್ಟ್ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಕಂಪನಿಗಳೇ ರೈಲು ಹಾಕಲಿ, ಬಂದರು ಕಟ್ಟಲಿ, ಕೆಲಸಗಾರರಿಗೆ ಮನೆ, ಶಾಲೆ, ಆಸ್ಪತ್ರೆ ಸಮೇತ ಊರು ಎಬ್ಬಿಸಲಿ. ಬದಲಿಗೆ ಗಣಿ ಅವರದು, ಸರ್ಕಾರಕ್ಕೆ ರಾಯಲ್ಟಿ. ಒಂದೊಂದು ಕಂಪನಿಯ ಜೊತೆಗೂ ಒಂದೊಂದು ಒಪ್ಪಂದ, ಅದಕ್ಕೆ ಶಾಸನಸಭೆಯ ಕಾಯ್ದೆಯ ಮುದ್ರೆ. ಹ್ಯಾಮರ್ಸ್ಲಿ ಒಪ್ಪಂದ 1963ರದ್ದು, ಮೌಂಟ್ ನ್ಯೂಮನ್ ಒಪ್ಪಂದ 1964ರದ್ದು. ಜಪಾನಿನ ಉಕ್ಕಿನ ಕಾರ್ಖಾನೆಗಳು ಬರೆದುಕೊಟ್ಟ ದೀರ್ಘಾವಧಿ ಖರೀದಿ ಕರಾರುಗಳನ್ನು ತೋರಿಸಿ ಕಂಪನಿಗಳು ಬ್ಯಾಂಕುಗಳಿಂದ ಸಾಲ ಎತ್ತಿದವು.

ಈ ಒಪ್ಪಂದಗಳಲ್ಲಿ ಒಂದು ಸಣ್ಣ ಕಲಮು ಇತ್ತು. ಕಂಪನಿ ತನ್ನ ರೈಲಿನಲ್ಲಿ ಬೇರೆಯವರ ಸರಕನ್ನೂ ಬಾಡಿಗೆಗೆ ಸಾಗಿಸಬೇಕು, ಆದರೆ ಅದರಿಂದ ಕಂಪನಿಯ ಸ್ವಂತ ಕೆಲಸಕ್ಕೆ ಅಡಚಣೆ ಆಗಬಾರದು ಅಂತ. ಸರ್ಕಾರದವರು ಬುದ್ಧಿವಂತರೇ. ಆದರೆ ‘ಅಡಚಣೆ’ ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ? ಬಾಡಿಗೆ ಕರಾರಿಗೆ ಸಹಿ ಹಾಕಿದೋರಿಗೆಲ್ಲ ಗೊತ್ತು, ಇಂಥ ಕಲಮುಗಳು ಕಾಗದದ ಮೇಲೆ ಚೆನ್ನಾಗಿ ಕಾಣುತ್ತವೆ.

ಕೆಲಸ ಮಾತ್ರ ಭರ್ಜರಿಯಾಗಿ ನಡೆಯಿತು. 1966ರಲ್ಲಿ ಗೋಲ್ಡ್ಸ್‌ವರ್ದಿ ಗಣಿಯ ರೈಲು ಓಡಿತು. ಅದೇ ವರ್ಷ ಟಾಮ್ ಪ್ರೈಸ್ ಗಣಿಯಿಂದ ಡ್ಯಾಂಪಿಯರ್ ಬಂದರಿಗೆ ಹ್ಯಾಮರ್ಸ್ಲಿ ಕಂಪನಿಯ ಸುಮಾರು 290 ಕಿಲೋಮೀಟರ್ ಲೈನ್ ಸಿದ್ಧವಾಯಿತು. ಟಾಮ್ ಪ್ರೈಸ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಅಮೆರಿಕದ ಕೈಸರ್ ಸ್ಟೀಲ್ ಕಂಪನಿಯ ಈ ಅಧಿಕಾರಿ ಪಿಲ್ಬರಾದ ಅದಿರಿನ ಮೇಲೆ ಎಲ್ಲರಿಗಿಂತ ಮೊದಲು ನಂಬಿಕೆ ಇಟ್ಟವರಲ್ಲೊಬ್ಬ. ಗಣಿ ಶುರುವಾಗೋದನ್ನು ನೋಡದೆ 1962ರಲ್ಲಿ ತೀರಿಹೋದ. 1969ರಲ್ಲಿ ಬಿಎಚ್‌ಪಿ ಪಾಲುದಾರಿಕೆಯ ಮೌಂಟ್ ನ್ಯೂಮನ್ ಲೈನ್ ಬಂತು. 426 ಕಿಲೋಮೀಟರ್, ಎಲ್ಲವೂ ಖಾಸಗಿ. ಇವೆಲ್ಲ 1,435 ಮಿಲಿಮೀಟರ್ ಸ್ಟ್ಯಾಂಡರ್ಡ್ ಗೇಜಿನ ಹಳಿಗಳು. ದೇಶದ ಉಳಿದ ರೈಲು ಜಾಲಕ್ಕೆ ಇವುಗಳ ಸಂಪರ್ಕವೇ ಇಲ್ಲ.

ಈ ಹಳಿ ಹಾಕಿದ ಕೈಗಳು ಯಾರವು? ನನಗೆ ಇಡೀ ಇತಿಹಾಸದಲ್ಲಿ ಹೆಚ್ಚು ಇಷ್ಟವಾದ ಪುಟ ಇದು. ಆಸ್ಟ್ರೇಲಿಯಾದ ಈಶಾನ್ಯ ತುದಿಗೂ ಪಪುವಾ ನ್ಯೂಗಿನಿಗೂ ನಡುವೆ ಟಾರೆಸ್ ಜಲಸಂಧಿ ಇದೆ. ಅಲ್ಲಿನ ದ್ವೀಪಗಳ ಗಂಡಸರು ತಲೆಮಾರುಗಳಿಂದ ಸಮುದ್ರಕ್ಕೆ ಮುಳುಗಿ ಮುತ್ತಿನ ಚಿಪ್ಪು ತೆಗೆಯುತ್ತಿದ್ದರು. ಆ ಚಿಪ್ಪಿನಿಂದ ಅಂಗಿ ಗುಂಡಿ ಮಾಡುತ್ತಿದ್ದರು. ಪ್ಲಾಸ್ಟಿಕ್ ಗುಂಡಿ ಬಂತು, ಚಿಪ್ಪಿನ ವ್ಯಾಪಾರ ಮುಳುಗಿತು. ಸಮುದ್ರದವರು ಹೊಟ್ಟೆಪಾಡಿಗೆ ಕ್ವೀನ್ಸ್‌ಲ್ಯಾಂಡಿನ ರೈಲು ಹಳಿ ಕೆಲಸಕ್ಕೆ ಬಂದರು. ಅಲ್ಲಿಂದ ಖಂಡದ ಇನ್ನೊಂದು ತುದಿಯ ಮರುಭೂಮಿಗೆ. 1968ರ ಮೇ 8ರಂದು, ಬಹುತೇಕ ಇವರೇ ಇದ್ದ ತಂಡ ಮೌಂಟ್ ನ್ಯೂಮನ್ ಲೈನಿನಲ್ಲಿ 11 ಗಂಟೆ 40 ನಿಮಿಷದಲ್ಲಿ 7 ಕಿಲೋಮೀಟರ್ ಹಳಿ ಹಾಕಿತು. ಅದು ವಿಶ್ವದಾಖಲೆ. ಅಷ್ಟು ಉದ್ದದ ಹಳಿಗೆ ಸ್ಲೀಪರ್ ಇಟ್ಟು, ಉಕ್ಕು ಇಳಿಸಿ, ಮೊಳೆ ಹೊಡೆಯೋದು ಅಂದ್ರೆ ಏನು ಅಂತ ಬೆಂಗಳೂರಿನಲ್ಲಿ ಒಂದು ಮೆಟ್ರೋ ಲೈನಿಗೆ ಕಾದು ಕೂತ ನಮಗೆ ವಿವರಿಸಿ ಹೇಳಬೇಕಿಲ್ಲ. ಅವರು ಓಟಿನ ಹಕ್ಕು ಪಡೆದು ಆಗಿನ್ನೂ ಹೆಚ್ಚು ವರ್ಷಗಳೇ ಆಗಿರಲಿಲ್ಲ.

ಹಳಿ ಹಾದುಹೋದ ನೆಲದವರ ಕತೆ ಇದಕ್ಕಿಂತ ಹಳೆಯದು. 1946ರ ಮೇ 1ರಂದು ಪಿಲ್ಬರಾದ ಜಾನುವಾರು ಫಾರ್ಮುಗಳಲ್ಲಿ ಬಿಟ್ಟಿ ದುಡಿಮೆಗೆ ಹತ್ತಿರವಾದ ಕೆಲಸ ಮಾಡುತ್ತಿದ್ದ ಸುಮಾರು 800 ಮೂಲನಿವಾಸಿಗಳು ಒಟ್ಟಿಗೆ ಕೆಲಸ ಬಿಟ್ಟು ಹೊರಬಿದ್ದರು. ಡೂಲಿ ಬಿನ್ ಬಿನ್ ಮತ್ತು ಕ್ಲಾನ್ಸಿ ಮೆಕೆನ್ನಾ ಎಂಬ ಮೂಲನಿವಾಸಿ ನಾಯಕರು, ಡಾನ್ ಮೆಕ್ಲಿಯಡ್ ಎಂಬ ಬಿಳಿಯ ಒಡನಾಡಿ ಸೇರಿ ನಡೆಸಿದ ಈ ಮುಷ್ಕರ 1949ರವರೆಗೂ ಎಳೆಯಿತು. ಜೈಲಿಗೆ ಹಾಕಿದರು, ರೇಷನ್ ನಿಲ್ಲಿಸಿದರು. ಮುಷ್ಕರದವರು ನಮ್ಮ ಮೊರದಂಥ ಮರದ ತಟ್ಟೆಯಲ್ಲಿ ಖನಿಜ ಕೇರಿ ಮಾರಿ ಬದುಕಿದರು. ಅಂದರೆ ಪಿಲ್ಬರಾದ ಖನಿಜದ ಬೆಲೆ ಗೊತ್ತಿದ್ದವರು ವಿಮಾನದಲ್ಲಿ ಹಾರಿದ ಹ್ಯಾನ್‌ಕಾಕ್ ಒಬ್ಬನೇ ಅಲ್ಲ. ಆದರೂ ಅರುವತ್ತರ ದಶಕದ ಒಪ್ಪಂದಗಳ ಮೇಜಿನಲ್ಲಿ ಈ ಜನಕ್ಕೆ ಕುರ್ಚಿ ಇರಲಿಲ್ಲ. ಅವರ ಭೂಮಿಯ ಹಕ್ಕನ್ನು ಕಾನೂನು ಒಪ್ಪಿದ್ದು 1992ರ ಮೇಬೋ ತೀರ್ಪು, 1993ರ ಕಾಯ್ದೆ ಬಂದಮೇಲೆ. ಹ್ಯಾನ್‌ಕಾಕ್ ಈ ಜನರ ಬಗ್ಗೆ 1984ರಲ್ಲಿ ಕ್ಯಾಮೆರಾ ಮುಂದೆ ಆಡಿದ ಮಾತು ಇವತ್ತಿಗೂ ಅಸಹ್ಯ ಹುಟ್ಟಿಸುತ್ತದೆ. ನೀರಿಗೆ ಔಷಧಿ ಬೆರೆಸಿ ಅವರ ಸಂತಾನವನ್ನೇ ನಿಲ್ಲಿಸಬೇಕು ಅನ್ನೋ ಅರ್ಥದ್ದು. ಮತ್ತೆ, ಕಾನೂನು ಬಂದಮೇಲೂ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 2020ರ ಮೇನಲ್ಲಿ ರಿಯೊ ಟಿಂಟೊ ಕಂಪನಿ ಗಣಿ ವಿಸ್ತರಿಸಲು ಜೂಕನ್ ಕಮರಿಯ ಗುಹೆಗಳನ್ನು ಸ್ಫೋಟಿಸಿತು. 46,000 ವರ್ಷಗಳ ಮಾನವ ವಾಸದ ಕುರುಹು ಇದ್ದ ಜಾಗ ಅದು. ಕಾಗದಪತ್ರ ಎಲ್ಲ ಸರಿಯಾಗೇ ಇತ್ತು! ಗಲಾಟೆಯಾಗಿ ಕಂಪನಿಯ ಸಿಇಒ ಕುರ್ಚಿ ಬಿಡಬೇಕಾಯಿತು.

ಈ ರೈಲುಗಳ ಗಾತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಗೂಡ್ಸ್ ರೈಲಿನ ಒಂದು ರೇಕ್ ಅಂದ್ರೆ ಐವತ್ತೆಂಟೋ ಐವತ್ತೊಂಬತ್ತೋ ವ್ಯಾಗನ್, ಸುಮಾರು 4,000 ಟನ್ ಸರಕು. ಪಿಲ್ಬರಾದ ಸಾಧಾರಣ ರೈಲು ಎರಡೂಕಾಲು ಎರಡೂವರೆ ಕಿಲೋಮೀಟರ್ ಉದ್ದ, ಅದರಲ್ಲಿ 28,000 ಟನ್ ಅದಿರು. ಇಲ್ಲಿನ ಏಳು ರೇಕಿನ ಸರಕು ಅಲ್ಲಿ ಒಂದು ಗಾಡಿ. ಇಡೀ ಭಾರತೀಯ ರೈಲ್ವೆ ಕಲ್ಲಿದ್ದಲು, ಸಿಮೆಂಟು, ಗೊಬ್ಬರ, ಧಾನ್ಯ ಎಲ್ಲ ಸೇರಿ ವರ್ಷಕ್ಕೆ ಸುಮಾರು 160 ಕೋಟಿ ಟನ್ ಸಾಗಿಸುತ್ತೆ. ಪಿಲ್ಬರಾದ ನಾಲ್ಕು ಕಂಪನಿಗಳು ಅದಿರು ಒಂದನ್ನೇ 80 ಕೋಟಿ ಟನ್‌ಗೂ ಹೆಚ್ಚು ಸಾಗಿಸುತ್ತವೆ. ಬಂದರಿನಲ್ಲಿ ವ್ಯಾಗನ್ ಬಿಚ್ಚುವ ರಗಳೆಯೂ ಇಲ್ಲ. ಜೋಡಣೆಯ ಕೊಂಡಿಯೇ ತಿರುಗುವಂಥದ್ದು. ಯಂತ್ರ ವ್ಯಾಗನ್ನನ್ನು ಹಿಡಿದು ಲೋಟ ಮಗುಚಿದ ಹಾಗೆ ಮಗುಚಿ, ಅದಿರು ಸುರಿದು, ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ.

ಮೊದಮೊದಲು ಈ ಭಾರಕ್ಕೆ ಹಳಿಗಳು ಅಂದಾಜಿಗಿಂತ ಬೇಗ ಸವೆದುಹೋದವು. ಎಷ್ಟು ಗಟ್ಟಿಯ ಉಕ್ಕು ಬೇಕು, ಗಾಲಿಯ ಅಂಚು ಹೇಗಿರಬೇಕು, ಹಳಿಯನ್ನು ಯಾವಾಗ ಉಜ್ಜಬೇಕು ಅನ್ನೋದರ ಮೇಲೆ ಅಲ್ಲಿ ನಡೆದ ಸಂಶೋಧನೆ ಜಗತ್ತಿಗೇ ಪಾಠವಾಯಿತು. ಭಾರೀ ಸರಕು ರೈಲುಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1978ರಲ್ಲಿ ನಡೆದದ್ದು ಪರ್ತ್‌ನಲ್ಲಿ. 2001ರ ಜೂನ್ 21ರಂದು ಬಿಎಚ್‌ಪಿ 682 ವ್ಯಾಗನ್, 8 ಎಂಜಿನ್ ಜೋಡಿಸಿ 7.3 ಕಿಲೋಮೀಟರ್ ಉದ್ದದ ರೈಲು ಓಡಿಸಿತು. ಒಟ್ಟು ತೂಕ ಹತ್ತಿರ ಹತ್ತಿರ ಒಂದು ಲಕ್ಷ ಟನ್. ಡ್ರೈವರ್ ಒಬ್ಬನೇ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಎಂಜಿನ್ ನಿಂತರೆ ಕೊನೆಯ ವ್ಯಾಗನ್ ಜಯನಗರದ ಹತ್ತಿರ ಇರುತ್ತಿತ್ತು.

ರೈಲು ಹುಚ್ಚು ಇರೋರಿಗಾಗಿ ಇನ್ನೊಂದು. ಇಂಗ್ಲೆಂಡಿನ ಹೆಸರಾಂತ ಸ್ಟೀಮ್ ಎಂಜಿನ್ ‘ಪೆಂಡೆನಿಸ್ ಕ್ಯಾಸಲ್’ ಅನ್ನು ಹ್ಯಾಮರ್ಸ್ಲಿ ಕಂಪನಿ 1977ರಲ್ಲಿ ಕೊಂಡು ಹಡಗಿನಲ್ಲಿ ಪಿಲ್ಬರಾಕ್ಕೆ ತರಿಸಿತು. ರಜಾದಿನಗಳಲ್ಲಿ ಉದ್ಯೋಗಿಗಳು, ಊರಿನ ರೈಲುಪ್ರಿಯರು ಅದನ್ನು ಅದಿರಿನ ಹಳಿಗಳ ಮೇಲೆ ಓಡಿಸುತ್ತಿದ್ದರು. ಹಸಿರು ಇಂಗ್ಲೆಂಡಿನ ಎಂಜಿನ್, ಕೆಂಪು ಮರುಭೂಮಿ. 2000ದಲ್ಲಿ ಅದನ್ನು ವಾಪಸ್ ತವರಿಗೆ ಕಳಿಸಿದರು. ಸ್ವಂತ ರೈಲ್ವೆ ಇದ್ರೆ ಇಂಥ ಖಯಾಲಿಗಳಿಗೂ ಯಾರ ಅಪ್ಪಣೆ ಬೇಕಿಲ್ಲ ನೋಡಿ.

ಈಗ ಕೋರ್ಟಿನ ಕತೆಗೆ ಬರೋಣ. ಅರುವತ್ತರ ದಶಕದ ಒಪ್ಪಂದಗಳು ಮೂವತ್ತು ನಲವತ್ತು ವರ್ಷ ಕಂಪನಿಗಳನ್ನು ಚೆನ್ನಾಗಿ ಕಾದವು. ಪಿಲ್ಬರಾದಲ್ಲಿ ಅದಿರಿಗೆ ಬರವಿಲ್ಲ, ಹೊಸ ನಿಕ್ಷೇಪ ಯಾರಿಗಾದರೂ ಸಿಗಬಹುದು. ಆದರೆ ಸಮುದ್ರ ಮುಟ್ಟುವ ದಾರಿ ಎರಡು ಮನೆಯವರ ಕೈಯಲ್ಲಿ. ಒಂದು ಬಿಎಚ್‌ಪಿ, ಇನ್ನೊಂದು ಕ್ರಮೇಣ ಹ್ಯಾಮರ್ಸ್ಲಿ ಮತ್ತು ರೋಬ್ ಲೈನುಗಳನ್ನು ತನ್ನ ಹಿಡಿತಕ್ಕೆ ತಂದುಕೊಂಡ ರಿಯೊ ಟಿಂಟೊ. ನಿಕ್ಷೇಪ ಸಿಕ್ಕವನಿಗೆ ಎರಡೇ ದಾರಿ: ಇವರಿಗೆ ಮಾರು, ಇಲ್ಲವೇ ನೆಲದಲ್ಲೇ ಬಿಡು. ಎಲ್ಲವನ್ನೂ ಮೊದಲು ಕಂಡ ಹ್ಯಾನ್‌ಕಾಕ್‌ಗೂ ಬದುಕಿರುವತನಕ ಸ್ವಂತ ಹಳಿ ದಕ್ಕಲಿಲ್ಲ. ಅವನಿಗೂ ಪಾಲುದಾರ ಪೀಟರ್ ರೈಟ್‌ಗೂ ಸೇರಿ ಸಿಗುತ್ತಿದ್ದುದು ಹ್ಯಾಮರ್ಸ್ಲಿ ಅದಿರಿನ ಮೇಲೆ ಎರಡೂವರೆ ಪರ್ಸೆಂಟ್ ರಾಯಲ್ಟಿ. ಅದೇನು ಕಮ್ಮಿ ದುಡ್ಡಲ್ಲ. ಆದರೂ ಹ್ಯಾನ್‌ಕಾಕ್ ಸಾಯುವವರೆಗೂ ಸ್ವಂತ ಗಣಿ, ಸ್ವಂತ ರೈಲಿನ ಕನಸು ಬಿಡಲಿಲ್ಲ.

2003ರಲ್ಲಿ ಆಂಡ್ರ್ಯೂ ಫಾರೆಸ್ಟ್ ಎಂಬ ಉದ್ಯಮಿ ಫೋರ್ಟೆಸ್ಕ್ಯೂ ಕಂಪನಿ ಶುರು ಮಾಡಿದ. ಚೀನಾ ಆಗ ಹಸಿದು ಕೂತಿತ್ತು. 2004ರಲ್ಲಿ ಬಿಎಚ್‌ಪಿ ಹಳಿಯ ಮೇಲೆ ತನ್ನ ರೈಲು ಓಡಿಸಲು ಅವಕಾಶ ಕೊಡಿಸಿ ಅಂತ ಅರ್ಜಿ ಹಾಕಿದ. ಅದಕ್ಕೊಂದು ಕಾನೂನು ಇತ್ತು. ದೇಶಕ್ಕೆ ಮುಖ್ಯವಾದ, ಇನ್ನೊಬ್ಬರು ಮತ್ತೆ ಕಟ್ಟುವುದು ಲಾಭದಾಯಕವಲ್ಲದ ಸೌಕರ್ಯ ಯಾರದ್ದಾದರೂ ಇದ್ದರೆ ಅದನ್ನು ಇತರರಿಗೂ ಬಾಡಿಗೆಗೆ ಕೊಡಬೇಕು. ಬಿಎಚ್‌ಪಿ ಕೊಟ್ಟ ಉತ್ತರ ಮಜವಾಗಿತ್ತು: ನಮ್ಮದು ರೈಲ್ವೆಯೇ ಅಲ್ಲ, ಉತ್ಪಾದನಾ ಪ್ರಕ್ರಿಯೆಯ ಒಂದು ಭಾಗ. ಬೇರೆ ಬೇರೆ ಗುಂಡಿಗಳ ಅದಿರನ್ನು ಯಾವ ಅನುಪಾತದಲ್ಲಿ ಬೆರೆಸಬೇಕು ಅನ್ನೋದು ರೈಲಿಗೆ ತುಂಬುವಾಗಲೇ ನಿರ್ಧಾರ ಆಗುತ್ತೆ, ಆದ್ದರಿಂದ 426 ಕಿಲೋಮೀಟರ್ ಹಳಿ ನಮ್ಮ ಕಾರ್ಖಾನೆಯ ಒಂದು ಬೆಲ್ಟ್ ಇದ್ದ ಹಾಗೆ ಅಂತ. ಕಾನೂನಿನಲ್ಲಿ ಉತ್ಪಾದನಾ ಪ್ರಕ್ರಿಯೆಗೆ ವಿನಾಯಿತಿ ಇತ್ತು. ನಾನು ಲಾಯರ್ ಅಲ್ಲ, ಆದರೆ ಈ ವಾದ ಕೇಳಿದಾಗ ಮೆಚ್ಚಿಕೊಳ್ಳದೆ ಇರೋಕೆ ಆಗಲಿಲ್ಲ. ಸಂಬಂಧಪಟ್ಟ ಮಂತ್ರಿಯ ಕಚೇರಿಯಂತೂ ಕೊಟ್ಟ ಗಡುವಿನಲ್ಲಿ ತೀರ್ಮಾನವನ್ನೇ ಹೇಳಲಿಲ್ಲ. ಮೌನ ಅಂದರೆ ‘ಇಲ್ಲ’ ಅಂತ ಕಾನೂನಿನ ಅರ್ಥ. 2008ರಲ್ಲಿ ಹೈಕೋರ್ಟ್ (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ಬಿಎಚ್‌ಪಿಯ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ರೈಲು ಅಂದ್ರೆ ರೈಲೇ.

ಅಷ್ಟು ಹೊತ್ತಿಗೆ ಫಾರೆಸ್ಟ್ ಸುಮ್ಮನೆ ಕಾಯುತ್ತಾ ಕೂತಿರಲಿಲ್ಲ. ಸಾಲ ಎತ್ತಿ ತನ್ನದೇ 260 ಕಿಲೋಮೀಟರ್ ಲೈನ್ ಹಾಕಿಸುತ್ತಿದ್ದ. 2007ರ ಮಾರ್ಚ್‌ನಲ್ಲಿ ಜಾರ್ಜ್ ಚಂಡಮಾರುತ ರೈಲು ಕೆಲಸಗಾರರ ಕ್ಯಾಂಪಿಗೆ ಬಡಿದು ಜೀವಗಳು ಹೋದವು. ಕೆಲಸ ಮುಂದುವರೆಯಿತು. 2008ರ ಮೇನಲ್ಲಿ ಮೊದಲ ಹಡಗು ಚೀನಾಕ್ಕೆ ಹೊರಟಿತು. ಮೊದಲಲ್ಲಿ ಹೇಳಿದ ಎರಡನೇ ಬೋರ್‌ವೆಲ್ ಇದೇ.

ಆದರೂ ವ್ಯಾಜ್ಯ ಬಿಡಲಿಲ್ಲ. ಬಿಎಚ್‌ಪಿಯ ಗೋಲ್ಡ್ಸ್‌ವರ್ದಿ, ರಿಯೊನ ಹ್ಯಾಮರ್ಸ್ಲಿ, ರೋಬ್ ಲೈನುಗಳೂ ಪಟ್ಟಿಗೆ ಸೇರಿದವು. 2010ರಲ್ಲಿ ನ್ಯಾಯಮಂಡಳಿ ಗೋಲ್ಡ್ಸ್‌ವರ್ದಿ ಮತ್ತು ರೋಬ್ ಲೈನುಗಳಿಗೆ ಹ್ಞೂಂ ಅಂದಿತು. ಮುಖ್ಯವಾದ ಮೌಂಟ್ ನ್ಯೂಮನ್, ಹ್ಯಾಮರ್ಸ್ಲಿ ಲೈನುಗಳಿಗೆ ಒಪ್ಪಲಿಲ್ಲ. ಮನೆಯ ಹಿತ್ತಲ ಬಾಗಿಲು ತೆರೆದು ಹೆಬ್ಬಾಗಿಲಿಗೆ ಬೀಗ ಹಾಕಿದ ಹಾಗೆ. ಕಂಪನಿಗಳ ವಾದದಲ್ಲೂ ಹುರುಳಿತ್ತು ಅನ್ನಬೇಕು. ಮಿನಿಟಿನ ಲೆಕ್ಕದಲ್ಲಿ ಓಡುವ ವ್ಯವಸ್ಥೆಯೊಳಗೆ ಹೊರಗಿನವರ ರೈಲು ನುಗ್ಗಿದರೆ ಎಲ್ಲರ ಟೈಮ್‌ಟೇಬಲ್ ಕೆಡುತ್ತೆ, ಹೊಸ ಹಳಿ ಹಾಕಬೇಕೆಂದರೆ ಮೂರು ಜನ ಒಪ್ಪೋವರೆಗೆ ಕಾಯಬೇಕಾಗುತ್ತೆ. 2012ರಲ್ಲಿ ಹೈಕೋರ್ಟ್ ಅಳತೆಗೋಲನ್ನು ಹೀಗೆ ಬಿಡಿಸಿ ಹೇಳಿತು: ಯಾರಾದರೂ ಒಬ್ಬರಿಗೆ ಇನ್ನೊಂದು ಲೈನ್ ಕಟ್ಟಿ ಲಾಭ ಮಾಡಲು ಸಾಧ್ಯವೇ? ಸಾಧ್ಯ ಅಂತಾದರೆ ಹಳೆಯ ಲೈನನ್ನು ಹಂಚಿಕೊಳ್ಳಬೇಕಿಲ್ಲ. ಅಷ್ಟು ಹೊತ್ತಿಗೆ ಕೇಳಿದವನೇ ಕಟ್ಟಿ, ಲಾಭ ಮಾಡಿ ತೋರಿಸಿಯಾಗಿತ್ತಲ್ಲ! 2013ಕ್ಕೆ ಕೇಸು ತಣ್ಣಗಾಯಿತು.

ಕತೆಯ ನಿಜವಾದ ಚುರುಕು ಇಲ್ಲಿದೆ. ತನ್ನ ರೈಲು ಎಲ್ಲರಿಗೂ ತೆರೆದಿರುತ್ತೆ ಅಂತ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡೇ ಫೋರ್ಟೆಸ್ಕ್ಯೂ ಹಳಿ ಹಾಕಿತ್ತು. 2013ರಲ್ಲಿ ಬ್ರಾಕ್‌ಮನ್ ಎಂಬ ಸಣ್ಣ ಕಂಪನಿ ಬಂದು, ಹಾಗಾದ್ರೆ ನಮ್ಮ ಅದಿರನ್ನೂ ಒಯ್ಯೋಕೆ ಬಿಡಿ ಅಂತು. ಫೋರ್ಟೆಸ್ಕ್ಯೂ ಕೋರ್ಟಿಗೆ ಹೋಯಿತು. ಈ ಸಲ ಬೇಡ ಅನ್ನೋಕೆ. 2016ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಆದರೂ ಬ್ರಾಕ್‌ಮನ್ನಿನ ಅದಿರು ಆ ಹಳಿ ಹತ್ತಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಇಲ್ಲಿ ಸೊಸೆ ಹತ್ತೇ ವರ್ಷದಲ್ಲಿ ಅತ್ತೆಯಾಗಿದ್ದಳು.

ಹಳಿ ಇಲ್ಲದವರ ಪಾಡು ಏನಾಯಿತು ಅನ್ನೋಕೆ ಆಟ್ಲಸ್ ಕಂಪನಿ ಸಾಕ್ಷಿ. ಅವರು ಅದಿರನ್ನು ಲಾರಿಗಳ ಸರಪಳಿಯಂಥ ರೋಡ್ ಟ್ರೇನ್‌ಗಳಲ್ಲಿ ಪೋರ್ಟ್ ಹೆಡ್‌ಲ್ಯಾಂಡಿಗೆ ಸಾಗಿಸಿದರು. ಬೆಲೆ ಮೇಲಿದ್ದಾಗ ನಡೆಯಿತು. ಅದಿರಿನ ಬೆಲೆ ಕುಸಿದಾಗ, 2015ರ ಏಪ್ರಿಲ್‌ನಲ್ಲಿ, ಗಣಿ ನಿಲ್ಲಿಸುತ್ತೇವೆ ಅಂತ ಘೋಷಿಸಬೇಕಾಯಿತು. ಹೇಗೋ ಚೇತರಿಸಿಕೊಂಡರೂ 2018ರಲ್ಲಿ ಅದನ್ನು ಕೊಂಡದ್ದು ಯಾರು? ಹ್ಯಾನ್‌ಕಾಕ್‌ನ ಮಗಳು ಜೀನಾ ರೈನ್‌ಹಾರ್ಟ್ ಅವರ ಕಂಪನಿ. ಅಪ್ಪನಿಗೆ ದಕ್ಕದ ಹಳಿಯನ್ನು ಮಗಳು ಅಷ್ಟರಲ್ಲಿ ಹಾಕಿಸಿಯಾಗಿತ್ತು. ರಾಯ್ ಹಿಲ್‌ನಿಂದ ಬಂದರಿಗೆ 344 ಕಿಲೋಮೀಟರ್, 2015ರಲ್ಲಿ ಮೊದಲ ಹಡಗು. ಕಮರಿಯಲ್ಲಿ ವಿಮಾನ ಹಾರಿಸಿ 63 ವರ್ಷದ ಮೇಲೆ.

ಲಾರಿ ಅಂದಾಗ ನಮ್ಮ ಬಳ್ಳಾರಿ ನೆನಪಾಗದೆ ಇರುತ್ತದೆಯೇ? ಅದೇ ಚೀನಾದ ಹಸಿವು, ಅದೇ ವರ್ಷಗಳು. ನಮ್ಮಲ್ಲಿ ಹಳಿ ಸರ್ಕಾರದ್ದು, ಯಾರು ಬೇಕಾದರೂ ದುಡ್ಡು ಕಟ್ಟಿ ರೇಕ್ ಕೇಳಬಹುದು. ತತ್ವದಲ್ಲಿ ಪಿಲ್ಬರಾದ ಸಣ್ಣ ಕಂಪನಿಗಳು ಕನಸು ಕಂಡದ್ದು ಇದನ್ನೇ. ಆದರೆ ಬೇಕಾದಷ್ಟು ಹಳಿ ಇರಲಿಲ್ಲ. ಹುಬ್ಬಳ್ಳಿ–ಅಂಕೋಲಾ ಲೈನ್ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿ ದಶಕಗಳಿಂದ ನಿಂತಿದೆ. ಆ ಕಾಡು ಉಳಿಯಬೇಕು ಅನ್ನೋರ ಮಾತು ನನಗೂ ಸರಿ ಅನ್ನಿಸುತ್ತೆ. ಹೀಗಾಗಿ ಅದಿರು ರಸ್ತೆಗೆ ಬಿತ್ತು. ಓವರ್‌ಲೋಡ್ ಲಾರಿಗಳು ಘಟ್ಟ ಇಳಿದವು, ಊರೂರಿನ ಮನೆಗೋಡೆ, ತೆಂಗಿನ ಗರಿ ಕೆಂಪಾದವು. ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರೇ ಮಾಯವಾಯಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಲೋಕಾಯುಕ್ತ ವರದಿಯಲ್ಲಿ ಉಳಿದ ಕತೆ ಇದೆ. ಪಿಲ್ಬರಾದ ಹಳಿ ಸಣ್ಣವರನ್ನು ಹೊರಗಿಟ್ಟಿತು, ನಿಜ. ಜೊತೆಗೆ ಪ್ರತಿ ಟನ್ನೂ ಒಂದೇ ಬಾಗಿಲಿನಿಂದ, ತೂಕವಾಗಿ ಹೋಗುವಂತೆಯೂ ಮಾಡಿತು. ಸಾವಿರಾರು ಲಾರಿ ಟ್ರಿಪ್‌ಶೀಟುಗಳ ನಡುವೆ ಅಂಥ ಲೆಕ್ಕ ಯಾರು ಇಡುತ್ತಾರೆ? ಕುದುರೆಮುಖದಲ್ಲಂತೂ ನಾವು ಮೂರನೇ ದಾರಿ ಹಿಡಿದಿದ್ದೆವು. ಅದಿರನ್ನು ಪುಡಿ ಮಾಡಿ ನೀರಿಗೆ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದೆವು. ಆ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು.

ಪಿಲ್ಬರಾದಲ್ಲಿ ಈಗ ಡ್ರೈವರ್‌ಗಳೂ ಕಡಿಮೆಯಾಗುತ್ತಿದ್ದಾರೆ. 2018ರ ಜುಲೈ 10ರಂದು ರಿಯೊ ಟಿಂಟೊ ಟಾಮ್ ಪ್ರೈಸ್‌ನಿಂದ ಕೇಪ್ ಲ್ಯಾಂಬರ್ಟ್ ಬಂದರಿಗೆ 28,000 ಟನ್ ಅದಿರನ್ನು ಡ್ರೈವರ್ ಇಲ್ಲದ ರೈಲಿನಲ್ಲಿ ತಲುಪಿಸಿತು. ಅದನ್ನು ಗಮನಿಸುತ್ತಿದ್ದವರು ಕೂತಿದ್ದು ಸುಮಾರು 1,500 ಕಿಲೋಮೀಟರ್ ದೂರದ ಪರ್ತ್‌ನಲ್ಲಿ. ಅದೇ ವರ್ಷ ನವೆಂಬರ್ 5ರ ಬೆಳಗಿನ ಜಾವ ಬಿಎಚ್‌ಪಿ ಹಳಿಯ ಮೇಲೂ ಒಂದು ರೈಲು ಡ್ರೈವರ್ ಇಲ್ಲದೆ ಓಡಿತು, ಆದರೆ ಅದು ಯಾರೂ ಬಯಸಿದ್ದಲ್ಲ. ಬ್ರೇಕಿನ ತೊಂದರೆ ನೋಡಲು ಡ್ರೈವರ್ ಕೆಳಗಿಳಿದಿದ್ದ. 268 ವ್ಯಾಗನ್ನಿನ ರೈಲು ಇಳಿಜಾರಿನಲ್ಲಿ ತಾನೇ ಹೊರಟಿತು. 92 ಕಿಲೋಮೀಟರ್, ಸರಾಸರಿ 110 ಕಿಲೋಮೀಟರ್ ವೇಗದಲ್ಲಿ. ಬಂದರಿನ ಊರಿಗೆ ಇನ್ನೂ 119 ಕಿಲೋಮೀಟರ್ ಇರುವಾಗ ಕಂಟ್ರೋಲ್ ರೂಮಿನವರು ಬೇಕಂತಲೇ ಹಳಿ ತಪ್ಪಿಸಿ ಕೆಡವಿದರು. ಯಾರಿಗೂ ಗಾಯವಾಗಲಿಲ್ಲ. ಯಾಕಂದ್ರೆ ಆ ದಾರಿಯಲ್ಲಿ ಜನವೇ ಇಲ್ಲ. ನೂರಾರು ಕಿಲೋಮೀಟರ್ ಹಳಿ ಇದ್ದೂ ಟಿಕೆಟ್ ಕೊಂಡು ಹತ್ತುವ ಒಂದು ಪ್ಯಾಸೆಂಜರ್ ರೈಲೂ ಅಲ್ಲಿಲ್ಲ.

ಈ ಹಳೇ ಜಗಳದ ಹೊಸ ಅಧ್ಯಾಯ ಈಗ ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ನಡೆದಿದೆ. ಅಲ್ಲಿ ಸಿಮಂಡೂ ಅನ್ನೋ ಬೆಟ್ಟಸಾಲಿನ ಅದಿರನ್ನು ಎರಡು ಗುಂಪುಗಳು ಹಂಚಿಕೊಂಡಿವೆ. ಒಂದರಲ್ಲಿ ಚೀನಾದ ಕಂಪನಿಗಳೇ ಮುಖ್ಯ, ಇನ್ನೊಂದರಲ್ಲಿ ರಿಯೊ ಟಿಂಟೊ ಇದೆ. ಸಮುದ್ರ 600 ಕಿಲೋಮೀಟರ್‌ಗಿಂತ ದೂರ. ಎರಡು ಗುಂಪಿಗೂ ಸೇರಿ ಒಂದೇ ರೈಲು, ಒಂದೇ ಬಂದರು, ಅದರಲ್ಲಿ ದೇಶಕ್ಕೂ ಪಾಲು ಇರಬೇಕು ಅಂತ ಪಟ್ಟು ಹಿಡಿದು, 2022ರ ಮಾರ್ಚ್‌ನಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಕೆಲಸವನ್ನೇ ನಿಲ್ಲಿಸಿಬಿಟ್ಟಿತು. ಕೆಲವೇ ತಿಂಗಳಲ್ಲಿ ಎರಡೂ ಗುಂಪಿನವರು ಸಹಿ ಹಾಕಿದರು. ಸರ್ಕಾರಕ್ಕೆ ಶೇಕಡ 15 ಪಾಲು ಸಿಕ್ಕಿತು. 2025ರ ನವೆಂಬರ್‌ನಲ್ಲಿ ಆ ಒಂದೇ ಹಳಿಯ ಉದ್ಘಾಟನೆಯೂ ಆಯಿತು. ಪಿಲ್ಬರಾದಲ್ಲಿ ಒಂದು ಹಳಿಯನ್ನು ಇಬ್ಬರು ಹಂಚಿಕೊಳ್ಳೋಕೆ ಆಗೋದೇ ಇಲ್ಲ ಅಂತ ವರ್ಷಗಟ್ಟಲೆ ವಾದಿಸಿದ ರಿಯೊ ಟಿಂಟೊ ಈಗ ಅಲ್ಲಿ ಹಂಚಿಕೊಂಡೇ ಓಡಿಸುತ್ತಿದೆ.